7ನೇ ಕ್ಲಾಸ್ ಮುಗಿಸಿದ ಮಗಳನ್ನು ಹಳ್ಳಿಯಿಂದ ಶಿವಮೊಗ್ಗದ ಕ್ರಿಶ್ಚಿಯನ್ ಹೈಸ್ಕೂಲಿಗೆ ಸೇರಿಸಬಹುದಾ? ಮುಂದೆ ಕಾಲೇಜಿಗೆ ಅನುಕೂಲ ಆಗುತ್ತಾ?

ನಿಮ್ಮ ಪ್ರಶ್ನೆ ಓದಿದಾಗ ನನ್ನ ಅಪ್ಪನೇ ಕೇಳಿದ ಹಾಗಾಯಿತು. ನಿಮ್ಮದು ಹೊಸನಗರದ ಕಡೆಯ ಹಳ್ಳಿ, ಮಗಳು ಓದಿದ್ದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ, ಈಗ ನೋಡಿರುವುದು ಸಿಸ್ಟರ್‌ಗಳು ನಡೆಸುವ ಇಂಗ್ಲಿಷ್ ಮೀಡಿಯಂ ಹೈಸ್ಕೂಲು, ಪಕ್ಕದಲ್ಲೇ ಹಾಸ್ಟೆಲ್. ನಾನೂ ಹೀಗೇ 8ನೇ ಕ್ಲಾಸಿಗೆ ಶಿವಮೊಗ್ಗಕ್ಕೆ ಬಂದವಳು. ಈಗ ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ.

ಫೀಸು, ಊಟ ಇದೆಲ್ಲ ಶಾಲೆಗೆ ಹೋದರೆ ಗೊತ್ತಾಗುತ್ತದೆ. ಅಲ್ಲಿ ಯಾರೂ ಹೇಳದ ವಿಷಯ ಒಂದಿದೆ. ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿ. ಅದರ ಮೂಲಕ ಸಿಗುವ ಸೀಟುಗಳಲ್ಲಿ ಗ್ರಾಮೀಣ ಮಕ್ಕಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲು ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗೆ, ಪೂರ್ತಿ ಹತ್ತು ವರ್ಷ ಬೇಕು. ಮೊದಲನೆಯದಕ್ಕೆ ಅಷ್ಟೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು, ಎರಡನೆಯದಕ್ಕೆ ಕನ್ನಡದಲ್ಲೇ ಓದಿರಬೇಕು. ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಆಗಬೇಕು. 8ನೇ ಕ್ಲಾಸಿಗೆ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಬಂದರೆ ಎರಡೂ ಹೋಯಿತು. ನನಗಿದು ತಿಳಿದದ್ದು ಸಿಇಟಿ ಅರ್ಜಿ ತುಂಬುವಾಗ. ಏಳು ವರ್ಷ ಗದ್ದೆ ಬದುವಿನ ಮೇಲೆ ನಡೆದು ಶಾಲೆಗೆ ಹೋದವಳು, ಆ ಕಾಲಂನಲ್ಲಿ 'ಇಲ್ಲ' ಅಂತ ಬರೆದೆ. ಬೇಕಾಗಿದ್ದ ಎಂಜಿನಿಯರಿಂಗ್ ಸೀಟು ಸಿಗಲಿಲ್ಲ. ಬಿಎಸ್ಸಿ ಸೇರಿದೆ, ಆಮೇಲೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಿದೆ. ಗಣಿತ ಹಿಡಿದದ್ದಕ್ಕೆ ಬೇಸರವಿಲ್ಲ. ಆದರೆ ಅಪ್ಪನಿಗೆ ಮೊದಲೇ ಇದು ಗೊತ್ತಿರಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಇನ್ನೊಂದು, ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ 8ನೇ ಕ್ಲಾಸಿನ ಮಕ್ಕಳಿಗೆ ಮಾತ್ರ ಇರುವುದು. ಪಾಸಾಗಿ ಆಯ್ಕೆಯಾದರೆ 9ರಿಂದ ಎರಡನೇ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಹಳೆಯ ಕ್ರಿಶ್ಚಿಯನ್ ಹೈಸ್ಕೂಲುಗಳಲ್ಲಿ ಅನುದಾನಿತವೂ ಇವೆ, ಪೂರ್ತಿ ಖಾಸಗಿಯೂ ಇವೆ. ನೀವು ನೋಡಿರುವುದು ಯಾವುದು ಅಂತ ಕೇಳಿಕೊಳ್ಳಿ.

ಹಾಗಾದರೆ ಕಾನ್ವೆಂಟಿನಿಂದ ನನಗೆ ಏನೂ ಸಿಗಲಿಲ್ಲವಾ? ತುಂಬಾ ಸಿಕ್ಕಿತು. ಸಂಜೆ ಸ್ಟಡಿ ಅವರ್‌ನಲ್ಲಿ ಎರಡು ಗಂಟೆ ಯಾರೂ ಏಳುವ ಹಾಗಿರಲಿಲ್ಲ. ನಮ್ಮೂರಲ್ಲಿ ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಮನೆಮಂದಿಯೆಲ್ಲ ಸುಲಿಯಲು ಕೂರುತ್ತಿದ್ದೆವು, ಪುಸ್ತಕ ಮೂಲೆಗೆ ಹೋಗುತ್ತಿತ್ತು. ಇಲ್ಲಿ ಕೂತು ಓದುವುದು ಅಭ್ಯಾಸವಾಯಿತು. ಪಿಯುಸಿಯಲ್ಲಿ ನನ್ನನ್ನು ಕಾಪಾಡಿದ್ದು ಅದೇ.

ಇಂಗ್ಲಿಷಿನ ಕಥೆ ಬೇರೆ. ವರ್ಗಮೂಲ ಗೊತ್ತಿತ್ತು, ಸ್ಕ್ವೇರ್ ರೂಟ್ ಅಂದರೆ ಅದೇ ಅಂತ ಗೊತ್ತಿರಲಿಲ್ಲ. ಉತ್ತರ ಬರುತ್ತಿತ್ತು, ಪ್ರಶ್ನೆ ಅರ್ಥವಾಗುತ್ತಿರಲಿಲ್ಲ. ಗಣಿತದ ಸಿಸ್ಟರ್ ಒಬ್ಬರು ನೋಟ್ಸ್ ಪುಟದ ಮಧ್ಯೆ ಗೆರೆ ಎಳೆಸಿ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಬರೆಸಿದರು. ನನ್ನ ಕ್ಲಾಸಿಗೆ ಹಳ್ಳಿಯಿಂದ ಬರುವ ಮಕ್ಕಳಿಗೆ ಈಗ ನಾನೂ ಹೀಗೇ ಬರೆಸುತ್ತೇನೆ. ಅದೇ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಫೈನ್ ಕೂಡ ಇತ್ತು. ಮೊದಲ ಮೂರು ತಿಂಗಳು ನಾನು ಬಾಯಿ ಬಿಡಲೇ ಇಲ್ಲ. ಹಾಗೆ ಫೈನ್ ಹಾಕುವುದು ತಪ್ಪು. ಅಂಥ ನಿಯಮ ಇದೆಯಾ ಅಂತ ನೇರವಾಗಿ ಕೇಳಿ. ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಕೊಡುತ್ತಾರಾ ಅಂತಲೂ ಕೇಳಿ. ಅದಕ್ಕೆ 125 ಅಂಕ. ನಿಮ್ಮ ಮಗಳಿಗೆ ಅಲ್ಲಿ ಜಾಸ್ತಿ ಧೈರ್ಯ ಇರುತ್ತದೆ ಅಲ್ವಾ?

ಧರ್ಮದ ವಿಷಯದಲ್ಲಿ ಒತ್ತಾಯ ಇರುತ್ತದಾ ಅಂತಲೂ ನೀವು ಸಂಕೋಚದಿಂದಲೇ ಕೇಳಿದ್ದೀರಿ. ಬೆಳಿಗ್ಗೆ ಪ್ರಾರ್ಥನೆ ಇರುತ್ತಿತ್ತು. ಕ್ಯಾಥೊಲಿಕ್ ಮಕ್ಕಳು ಕ್ಯಾಟೆಕಿಸಂಗೆ (ಅವರ ಧರ್ಮದ ಪಾಠಕ್ಕೆ) ಹೋದಾಗ ನಮಗೆ ಮಾರಲ್ ಸೈನ್ಸ್. ಡಿಸೆಂಬರಿನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಲು ನಾವೆಲ್ಲ ಸೇರಿ ಹುಲ್ಲು ತರುತ್ತಿದ್ದೆವು, ನನಗದು ಇಷ್ಟವಾಗಿತ್ತು. ಯಾರೂ ಒತ್ತಾಯ ಮಾಡಲಿಲ್ಲ. ಸಂವಿಧಾನದ 28ನೇ ವಿಧಿ ಪ್ರಕಾರ, ಸರ್ಕಾರದ ಮಾನ್ಯತೆ ಇರುವ ಶಾಲೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ.

ಕಾಲೇಜಿನ ತಯಾರಿಗೆ ಅಂತಲೇ ಕಳಿಸುವುದಾದರೆ ಅವಸರ ಬೇಡ. ಎಸ್‌ಎಸ್‌ಎಲ್‌ಸಿ ಅಂಕ ಒಳ್ಳೆಯ ಪಿಯು ಕಾಲೇಜು ಸೇರುವುದಕ್ಕೆ ಬೇಕು. ಎಂಜಿನಿಯರಿಂಗ್ ರ‍್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ಅಲ್ಲಿ ಎರಡನೇ ಪಿಯು ಅಂಕ ಅರ್ಧ, ಸಿಇಟಿ ಅರ್ಧ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಆ ಓಟ ನಡೆಯುವುದು ಪಿಯುಸಿಯ ಎರಡು ವರ್ಷದಲ್ಲಿ. ನಿಮ್ಮೂರಿನ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನಕ್ಕೆ ಮೇಷ್ಟ್ರು ಇದ್ದರೆ 10ನೇ ಕ್ಲಾಸ್ ಅಲ್ಲೇ ಮುಗಿಸಲಿ, ಜೊತೆಗೆ ಇಂಗ್ಲಿಷ್ ಓದಿಸಿ, ಪಿಯುಸಿಗೆ ಶಿವಮೊಗ್ಗಕ್ಕೆ ಕಳಿಸಿ. ಮೇಷ್ಟ್ರೇ ಇಲ್ಲ, ಅಥವಾ ಮಳೆಗಾಲದಲ್ಲಿ ಹಳ್ಳ ತುಂಬಿ ವಾರಗಟ್ಟಲೆ ಶಾಲೆ ತಪ್ಪುತ್ತದೆ ಅಂದರೆ ಕಾನ್ವೆಂಟಿಗೇ ಸೇರಿಸಿ. ಸುಮ್ನೆ ಕೋಟಾ ನೆಚ್ಚಿಕೊಂಡು ಮೂರು ವರ್ಷ ಹಾಳು ಮಾಡಬೇಡಿ.

ಸೇರಿಸಿದರೆ ಮೊದಲ ಯೂನಿಟ್ ಟೆಸ್ಟಿನ ಅಂಕ ನೋಡಿ ಬೈಬೇಡಿ. ನನಗೆ ಗಣಿತದಲ್ಲಿ 25ಕ್ಕೆ 9 ಬಂದಿತ್ತು. ಅಪ್ಪ ಕಾರ್ಡಿಗೆ ಸಹಿ ಹಾಕಿ, ಏನೂ ಹೇಳದೆ, ಮುಂದಿನ ಭಾನುವಾರವೂ ಬೆಳಗಿನ ಬಸ್ಸಿಗೆ ಬಂದಿದ್ದರು.