ಭಾರತ ಮತ್ತೆ ಸಕ್ಕರೆ ಆಮದು ಮಾಡಿಕೊಳ್ಳಬೇಕಾಗುತ್ತದೆಯೇ?

ಸದ್ಯಕ್ಕೆ ಆ ಭಯ ಬೇಡ. ದೇಶದ ಬಳಕೆ ವರ್ಷಕ್ಕೆ ಸುಮಾರು 280 ಲಕ್ಷ ಟನ್. ಮಳೆ ಚೆನ್ನಾಗಿದ್ದರೆ ಉತ್ಪಾದನೆ ಅದನ್ನು ದಾಟುತ್ತದೆ. 2021-22ರಲ್ಲಿ ನೂರು ಲಕ್ಷ ಟನ್ನಿಗೂ ಹೆಚ್ಚು ರಫ್ತಾಗಿತ್ತು! ಆದರೆ 2023ರ ಆಗಸ್ಟ್‌ನಲ್ಲಿ ಮುಂಗಾರು ಕೈಕೊಟ್ಟಾಗ ಲೆಕ್ಕ ತಪ್ಪಿತು. ಕೇಂದ್ರ ರಫ್ತು ನಿರ್ಬಂಧ ಮುಂದುವರಿಸಿತು, ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ (ಪೆಟ್ರೋಲಿಗೆ ಬೆರೆಸುವ ಇಂಧನ) ತಯಾರಿಸುವುದಕ್ಕೂ ಕಡಿವಾಣ ಹಾಕಿತು. ನನ್ನ ಪ್ರಕಾರ ನಮ್ಮ ನಿಜವಾದ ಆಪತ್ಕಾಲದ ಮೀಸಲು ಎಥೆನಾಲ್‌ಗೆ ಹೋಗುವ ಈ ಕಬ್ಬೇ. ಕೊರತೆ ಕಂಡರೆ ಅದನ್ನು ಸಕ್ಕರೆಗೆ ತಿರುಗಿಸಬಹುದು.

2008-09ರಲ್ಲಿ ಈ ಅನುಕೂಲ ಇಷ್ಟಿರಲಿಲ್ಲ. ಕಾರ್ಖಾನೆಗಳು ಹಿಂದಿನ ವರ್ಷಗಳ ಕಬ್ಬಿನ ಹಣ ಬಾಕಿ ಉಳಿಸಿಕೊಂಡದ್ದರಿಂದ ಬೇಸತ್ತ ರೈತರು ಕಬ್ಬು ಬಿಟ್ಟಿದ್ದರು. ಉತ್ಪಾದನೆ ಸುಮಾರು 145 ಲಕ್ಷ ಟನ್ನಿಗೆ ಕುಸಿದು ಆಮದು ಅನಿವಾರ್ಯವಾಯಿತು. ಹಾಗಾಗಿ ಮೋಡದ ಜೊತೆಗೆ ಕಾರ್ಖಾನೆಗಳ ಬಾಕಿ ಪಟ್ಟಿಯನ್ನೂ ಗಮನಿಸಿ.