ಹಳೆ ಅಜ್ಜಿಯೋ, ಮುದಿ ಅಜ್ಜಿಯೋ?

ಪ್ರಶ್ನೆ: ಮಗಳು ಪ್ರಬಂಧದಲ್ಲಿ ‘ಹಳೆಯ ಅಜ್ಜಿ’ ಎಂದು ಬರೆದಿದ್ದಳು. ಟೀಚರ್ ಅದನ್ನು ‘ಮುದಿ ಅಜ್ಜಿ’ ಎಂದು ತಿದ್ದಿದ್ದಾರೆ. ಯಾವುದು ಸರಿ?

ಉತ್ತರ: ಟೀಚರ್ ತಿದ್ದಿದ್ದು ಸರಿ, ಆದರೆ ಅಜ್ಜಿಗೆ ಓದಿ ಹೇಳಬೇಡಿ! ‘ಹಳೆ’ ಬಟ್ಟೆಗೆ, ಮನೆಗೆ, ಸಾಲಕ್ಕೆ ಸಲ್ಲುವ ಮಾತು. ಜೀವಕ್ಕೆ ವಯಸ್ಸಾದರೆ ‘ಮುದಿ’: ಮುದಿ ಎತ್ತು, ಮುದಿ ನಾಯಿ. ಮುದುಕ, ಮುದುಕಿ, ಮುಪ್ಪು ಎಲ್ಲ ಅದೇ ಬಳಗ.

ಹಾಗಂತ ಮನುಷ್ಯರಿಗೆ ‘ಹಳೆ’ ಬರುವುದೇ ಇಲ್ಲ ಎಂದಲ್ಲ. ‘ಹಳೆ ಗೆಳೆಯ’ ಎಂದರೆ ಗೆಳೆತನ ಹಳೆಯದು, ಅವನಿಗೆ ಇಪ್ಪತ್ತೇ ಇರಬಹುದು. ‘ಹಳೇ ಹುಲಿ’ ಎಂದರೆ ಪಳಗಿದವನು, ಸ್ವಲ್ಪ ಮೆಚ್ಚುಗೆಯೂ ಇದೆ. ‘ಮುದಿ ಹುಲಿ’ ಅನ್ನಿ, ಹಲ್ಲು ಉದುರಿತು.

‘ಮುದಿ’ಯಲ್ಲಿ ತಾತ್ಸಾರ ಜಾಸ್ತಿ. ನನಗೀಗ ಅರವತ್ತೆಂಟು. ಮೊನ್ನೆ ಬಸ್ಸಿನಲ್ಲಿ ಒಬ್ಬ ಹುಡುಗ ‘ಈ ಮುದುಕರಿಗೆ ಜಾಗ ಬಿಡ್ರೋ’ ಎಂದ. ಒಳ್ಳೆಯ ಹುಡುಗನೇ. ಆದರೂ ಚುರ್ ಅಂತು! ‘ವಯಸ್ಸಾದವರು’ ಅಥವಾ ‘ಹಿರಿಯರು’ ಅಂದಿದ್ದರೆ ಖುಷಿಯಾಗಿ ಕೂರುತ್ತಿದ್ದೆ.

ಅಂದಹಾಗೆ, ಪ್ರಬಂಧದಲ್ಲಿ ಸುಮ್ನೆ ‘ಅಜ್ಜಿ’ ಎಂದರೆ ಸಾಕು. ವಯಸ್ಸು ಆ ಪದದಲ್ಲೇ ಇದೆ, ಅಲ್ವಾ?