ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಬೇಲಿಫ್ ಮನೆಗೇ ಬರ್ತಾನಂತೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಇಂಗ್ಲೆಂಡಿನಲ್ಲಿ ಓದು ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ್ದೀರಿ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ, 1,180 ಪೌಂಡ್ ಬಾಕಿ ಇದೆ ಎಂದು ಒಂದು ವಸೂಲಿ ಕಂಪನಿಯಿಂದ ಕಾಗದ ಬಂದಿದೆ. ಅದರ ಮೇಲೆ 75 ಪೌಂಡ್ ಫೀಸ್ ಸೇರಿಸಿದ್ದಾರೆ. ಏಳು ದಿನದಲ್ಲಿ ಕಟ್ಟದಿದ್ದರೆ ಬೇಲಿಫ್, ಅಂದರೆ ಬಾಕಿಗೆ ಸಾಮಾನು ಜಪ್ತಿ ಮಾಡುವವನು, ಬರುತ್ತಾನೆ ಎಂದಿದೆ. ಮನೆಗೆ ನುಗ್ಗುತ್ತಾರಾ, ಕಾರು ಒಯ್ಯುತ್ತಾರಾ, ಆ ಫೀಸ್ ಕಟ್ಟಲೇಬೇಕಾ ಎಂದು ಕೇಳಿದ್ದೀರಿ.

ನಿಮಗೆ ಕಾಗದ ಸರಿಯಾದ ಹೊತ್ತಿಗೆ ಕೈಗೆ ಸಿಕ್ಕಿದೆ. ನನಗೆ ಸಿಕ್ಕಿರಲಿಲ್ಲ. 2019ರಲ್ಲಿ ನನ್ನ ಮನೆಗೆ ಕಾಗದಕ್ಕಿಂತ ಮೊದಲು ಬೇಲಿಫೇ ಬಂದಿದ್ದ. ಹಾಗಾಗಿ ಓದಿಕೊಂಡದ್ದಷ್ಟೇ ಅಲ್ಲ, ಅನುಭವಿಸಿದ್ದನ್ನೂ ಹೇಳುತ್ತೇನೆ.

ನಮ್ಮವರು ಇದರಲ್ಲಿ ಸಿಕ್ಕಿಬೀಳುವುದಕ್ಕೆ ಒಂದು ಕಾರಣ ಇದೆ. ಬೆಂಗಳೂರಿನಲ್ಲಿ ಮನೆ ಕಂದಾಯ ಕಟ್ಟುವುದು ಓನರ್. ಬಾಡಿಗೆಗೆ ಇರುವವರಿಗೆ ಅದರ ತಲೆನೋವೇ ಇಲ್ಲ, ಅಲ್ವಾ? ಇಂಗ್ಲೆಂಡಿನಲ್ಲಿ ಉಲ್ಟಾ. ಸಾಮಾನ್ಯವಾಗಿ ಮನೆಯಲ್ಲಿ ವಾಸ ಇರುವವರೇ ಕೌನ್ಸಿಲ್ ಟ್ಯಾಕ್ಸ್ ಕಟ್ಟಬೇಕು. ನಾನು ಬಂದ ಹೊಸದರಲ್ಲಿ ಬಿಲ್ ಬಂದಾಗ ಇದು ಓನರ್‌ದು ಎಂದುಕೊಂಡು ಫ್ರಿಜ್ ಮೇಲೆ ಇಟ್ಟೆ. ಏಜೆಂಟ್ ಬಂದಾಗ ಕೊಟ್ಟರಾಯಿತು ಎಂದುಕೊಂಡಿದ್ದೆ. ಅದು ಅಲ್ಲೇ ಉಳಿಯಿತು. ಆಮೇಲೆ ಮನೆ ಬದಲಾಯಿಸಿದೆ. ಹೊಸ ವಿಳಾಸ ಕೌನ್ಸಿಲ್‌ಗೆ ಕೊಟ್ಟೆ. ಆದರೂ ಹಳೇ ಬಾಕಿಯ ಕಾಗದಗಳೆಲ್ಲ ಹಳೇ ಮನೆಗೇ ಹೋಗುತ್ತಿದ್ದವು.

ವ್ಯವಸ್ಥೆ ನಡೆಯುವುದು ಹೀಗೆ. ಕಂತು ತಪ್ಪಿದರೆ ಜ್ಞಾಪನದ ಕಾಗದ ಬರುತ್ತದೆ. ಏಳು ದಿನದಲ್ಲಿ ಕಟ್ಟದಿದ್ದರೆ ಕಂತಿನ ಅನುಕೂಲ ಹೋಗಿ ಇಡೀ ವರ್ಷದ ಹಣ ಒಟ್ಟಿಗೆ ಕಟ್ಟಬೇಕಾಗುತ್ತದೆ. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್. ಕೋರ್ಟ್ 'ಲಯಬಿಲಿಟಿ ಆರ್ಡರ್' ಕೊಡುತ್ತದೆ. ಅಂದರೆ ಈ ಹಣ ನೀವೇ ಕಟ್ಟಬೇಕು ಎನ್ನುವ ಆದೇಶ. ಕೋರ್ಟ್ ಖರ್ಚೂ ನಿಮ್ಮ ತಲೆಗೇ. ಅದು ಸಿಕ್ಕ ಮೇಲೆ ಕೌನ್ಸಿಲ್ ಬೇಲಿಫ್‌ಗಳಿಗೆ ಕೊಡಬಹುದು. ಈಗ ಅವರನ್ನು ಕಾನೂನಿನಲ್ಲಿ 'ಎನ್‌ಫೋರ್ಸ್‌ಮೆಂಟ್ ಏಜೆಂಟ್' ಎನ್ನುತ್ತಾರೆ. ಬಾಯಲ್ಲಿ ಮಾತ್ರ ಎಲ್ಲರಿಗೂ ಬೇಲಿಫೇ.

ಫೀಸ್ ಅವರು ಮನಸ್ಸಿಗೆ ಬಂದಂತೆ ಹಾಕುವಂತಿಲ್ಲ. 2014ರಲ್ಲಿ ಬಂದ ನಿಯಮದಲ್ಲಿ ಮೂರು ಹಂತ ಇದೆ. ಕೇಸ್ ಅವರ ಕೈಗೆ ಬಂದು ಕಾಗದ ಕಳಿಸಿದರೆ 75 ಪೌಂಡ್. ಮನೆ ಬಾಗಿಲಿಗೆ ಬಂದರೆ ಇನ್ನೂ 235. ಸಾಮಾನು ಒಯ್ದು ಮಾರುವ ಹಂತಕ್ಕೆ ಹೋದರೆ ಮತ್ತೆ 110. ಕೊನೆಯ ಎರಡು ಹಂತದಲ್ಲಿ ಬಾಕಿ 1,500 ಪೌಂಡಿಗಿಂತ ಜಾಸ್ತಿ ಇದ್ದರೆ ಆ ಜಾಸ್ತಿ ಭಾಗಕ್ಕೆ 7.5 ಶೇಕಡಾ ಸೇರುತ್ತದೆ. ನನ್ನ ಬಾಕಿ ಕೋರ್ಟ್ ಖರ್ಚು ಸೇರಿ 1,640 ಇತ್ತು. 75, 235, ಮೇಲಿನ 140ಕ್ಕೆ ಹತ್ತೂವರೆ ಪೌಂಡ್. ಒಟ್ಟು 320 ಪೌಂಡ್ 50 ಪೆನ್ಸ್ ಫೀಸ್. ಒಬ್ಬ ಮನುಷ್ಯ ಬೆಲ್ ಒತ್ತಿದ್ದಕ್ಕೆ!

ನಿಮ್ಮ ಲೆಕ್ಕ ನೋಡಿ. ಈಗ 1,255. ಅವನು ಬಾಗಿಲಿಗೆ ಬಂದ ದಿನ 1,490. ಅವನು ಒಳಗೆ ಬರಲಿ ಬಿಡಲಿ, ನೀವು ಬಾಗಿಲು ತೆಗೆಯಿರಿ ಬಿಡಿ, ಬಂದದ್ದಕ್ಕೇ 235. ನಿಮಗೆ ನಾನು ಹೇಳಬೇಕಾದ ಮುಖ್ಯ ವಿಷಯ ಇದೊಂದೇ. ಬೇಲಿಫ್ ಬಂದ ಮೇಲೆ ಏನು ಮಾಡಬೇಕು ಎಂದು ಯೋಚಿಸುತ್ತಾ ಕೂರಬೇಡಿ. ಅವನು ಬರುವ ಮೊದಲು ನಿಮಗೆ ಇರುವ ದಿನಗಳಿಗೆ 235 ಪೌಂಡ್ ಬೆಲೆ ಇದೆ.

ಆ ಏಳು ದಿನ ಅಂದರೆ ಪೂರ್ತಿ ಏಳು ದಿನ. ಭಾನುವಾರ ಮತ್ತು ಬ್ಯಾಂಕ್ ಹಾಲಿಡೇ ಲೆಕ್ಕಕ್ಕಿಲ್ಲ.

ಮೊದಲು ಈ ಬಾಕಿ ನಿಜವಾ ಎಂದು ನೋಡಿ. ನೀವು ವಿದ್ಯಾರ್ಥಿಯಾಗಿದ್ದವರು. ಮನೆಯಲ್ಲಿ ಎಲ್ಲರೂ ಫುಲ್ ಟೈಮ್ ವಿದ್ಯಾರ್ಥಿಗಳಾಗಿದ್ದರೆ ಆ ಅವಧಿಗೆ ಟ್ಯಾಕ್ಸೇ ಇಲ್ಲ. ಆದರೆ ಅದು ತನ್ನಷ್ಟಕ್ಕೆ ಆಗುವುದಿಲ್ಲ, ಕಾಲೇಜಿನ ಸರ್ಟಿಫಿಕೇಟ್ ಕಳಿಸಬೇಕು. ಕೋರ್ಸ್ ಮುಗಿದ ತಾರೀಖಿನವರೆಗೆ ಮಾತ್ರ ಅದು ನಡೆಯುತ್ತದೆ. ಮುಗಿದ ಮೇಲೆ ನೀವು ಕಟ್ಟುವವರು. ಬಿಲ್ ಯಾವ ತಾರೀಖಿನಿಂದ ಶುರುವಾಗಿದೆ ನೋಡಿ. ಕೋರ್ಸ್ ನಡೆಯುತ್ತಿದ್ದ ತಿಂಗಳುಗಳೂ ಸೇರಿದ್ದರೆ ಸರ್ಟಿಫಿಕೇಟ್ ಇವತ್ತೇ ಕೌನ್ಸಿಲ್‌ಗೆ ಇಮೇಲ್ ಮಾಡಿ. ಲಯಬಿಲಿಟಿ ಆರ್ಡರ್ ಆದ ಮೇಲೂ ಬಿಲ್ ತಿದ್ದುತ್ತಾರೆ.

ಮನೆಯಲ್ಲಿ ನೀವೊಬ್ಬರೇ ದುಡಿಯುವವರು, ಉಳಿದವರು ವಿದ್ಯಾರ್ಥಿಗಳಾದರೂ 25 ಶೇಕಡಾ ರಿಯಾಯಿತಿ ಇದೆ. ಒಬ್ಬರೇ ಇದ್ದರೂ ಅಷ್ಟೇ. ಇದನ್ನು ಹಿಂದಿನ ತಾರೀಖಿನಿಂದಲೂ ಕೇಳಬಹುದು. ಎಚ್ಚರ, 'ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್' ಅನ್ನುವುದು ಬೇರೆ. ಅದು ಆದಾಯ ಕಡಿಮೆ ಇರುವವರಿಗೆ ಕೊಡುವ ಸರ್ಕಾರಿ ನೆರವು. ನಿಮ್ಮ ವೀಸಾದಲ್ಲಿ 'ನೋ ಪಬ್ಲಿಕ್ ಫಂಡ್ಸ್', ಅಂದರೆ ಇಂಥ ಸರ್ಕಾರಿ ನೆರವು ಪಡೆಯುವಂತಿಲ್ಲ, ಎಂದಿದ್ದರೆ ಅದಕ್ಕೆ ಅರ್ಜಿ ಹಾಕಬೇಡಿ. ಹೆಸರು ಒಂದೇ ಥರ ಕೇಳುತ್ತದೆ, ಕೌನ್ಸಿಲ್ ಫೋನಿನವರೂ ಸುಮ್ನೆ ಆ ಫಾರ್ಮ್ ತುಂಬಿ ಎಂದುಬಿಡುತ್ತಾರೆ. ಒಬ್ಬರಿಗಿರುವ ರಿಯಾಯಿತಿ, ವಿದ್ಯಾರ್ಥಿ ವಿನಾಯಿತಿ ಇವು ಪಬ್ಲಿಕ್ ಫಂಡ್ಸ್ ಅಲ್ಲ. ಧೈರ್ಯವಾಗಿ ಕೇಳಿ.

ಬಾಕಿ ನಿಜವೇ ಆದರೆ ಎರಡು ದಾರಿ. ವಸೂಲಿ ಕಂಪನಿಗೆ ಬರೆದು ತಿಂಗಳ ಕಂತು ಕೇಳುವುದು ಒಂದು. ಖರ್ಚು ವೆಚ್ಚದ ಪಟ್ಟಿ ಜೊತೆಗಿಡಿ, ನಿಜವಾಗಿ ಕಟ್ಟಲು ಆಗುವಷ್ಟೇ ಹೇಳಿ. 75ರ ಹಂತದಲ್ಲಿ ಅವರು ಸ್ವಲ್ಪ ಮೆತ್ತಗಿರುತ್ತಾರೆ. ಎರಡನೆಯದು, ಕೇಸನ್ನು ವಾಪಸ್ ಪಡೆದು ಸಂಬಳದಿಂದಲೇ ಹಿಡಿದುಕೊಳ್ಳಿ ಎಂದು ಕೌನ್ಸಿಲ್‌ಗೆ ಬರೆಯುವುದು. ಅದಕ್ಕೆ ಬೇಲಿಫ್ ಫೀಸ್ ಇಲ್ಲ. ಕಂಪನಿಯ ಎಚ್‌ಆರ್‌ಗೆ ಗೊತ್ತಾಗುತ್ತದೆ. ಅವರು ಪ್ರತಿ ಸಲ ಹಿಡಿಯುವಾಗ ಒಂದು ಪೌಂಡ್ ಇಟ್ಟುಕೊಳ್ಳಬಹುದು, ಅಷ್ಟೇ. ಕೌನ್ಸಿಲ್ ಒಪ್ಪಲೇಬೇಕು ಎಂದೇನಿಲ್ಲ. ನನಗೆ ಕೇಳುವುದಕ್ಕೆ ನಾಚಿಕೆಯಾಗಿತ್ತು. ಈಗ ಅನಿಸುತ್ತದೆ, ಎಚ್‌ಆರ್‌ನಲ್ಲಿ ಒಬ್ಬಳಿಗೆ ಗೊತ್ತಾಗುವುದು ಮೇಲೋ, ಬೀದಿಗೆಲ್ಲ ಗೊತ್ತಾಗುವುದು ಮೇಲೋ?

ಎರಡೂ ಆಗದಷ್ಟು ಬಿಕ್ಕಟ್ಟಿದ್ದರೆ, ಬೇರೆ ಸಾಲಗಳೂ ಇದ್ದರೆ, 'ಬ್ರೀದಿಂಗ್ ಸ್ಪೇಸ್' ಎನ್ನುವ ಯೋಜನೆ ಇದೆ. 2021ರ ಮೇ ತಿಂಗಳಲ್ಲಿ ಶುರುವಾಯಿತು. 60 ದಿನ ಬೇಲಿಫ್ ಕೆಲಸ ನಿಲ್ಲುತ್ತದೆ, ಹೊಸ ಫೀಸ್ ಸೇರುವುದಿಲ್ಲ. ನೀವೇ ನೇರವಾಗಿ ಹಾಕುವಂತಿಲ್ಲ, ಸಾಲ ಸಲಹೆಗಾರರ ಮೂಲಕ ಹೋಗಬೇಕು. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಇವೆಲ್ಲ ಉಚಿತ. ದುಡ್ಡು ಕೇಳಿದರೆ ಅವರು ಬೇರೆ ಯಾರೋ.

ಈಗ ನಿಮ್ಮ ಭಯದ ಪ್ರಶ್ನೆ, ನುಗ್ಗುತ್ತಾರಾ?

ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಮೊದಲ ಸಲ ಬಂದವನು ಬಾಗಿಲು ಒಡೆಯುವಂತಿಲ್ಲ, ನಿಮ್ಮನ್ನು ತಳ್ಳಿಕೊಂಡು ಬರುವಂತಿಲ್ಲ, ಕಿಟಕಿಯಿಂದ ಇಳಿಯುವಂತಿಲ್ಲ. ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ರಾತ್ರಿ 9ರ ಒಳಗೆ ಬರಬೇಕು. ಮನೆಯಲ್ಲಿ 16 ವರ್ಷದ ಒಳಗಿನ ಮಕ್ಕಳು ಮಾತ್ರ ಇದ್ದರೆ ಒಳಗೆ ಬರುವಂತಿಲ್ಲ. ಆದರೆ ಚಿಲಕ ಹಾಕದ ಬಾಗಿಲು ತೆಗೆದುಕೊಂಡು ಬಂದರೆ ಅದು ಕಾನೂನಿಗೆ ಸರಿ. ಯಾರಾದರೂ 'ಬನ್ನಿ' ಎಂದರೂ ಸರಿ.

ನನ್ನ ಮನೆಯಲ್ಲಿ ಆದದ್ದು ಅದೇ. ಅಮ್ಮ ಶಿವಮೊಗ್ಗದಿಂದ ಬಂದಿದ್ದಳು. ಶನಿವಾರ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದೆ. ಬೆಲ್ ಆಯಿತು. ಅಮ್ಮ ಬಾಗಿಲು ತೆಗೆದಳು. ಎದುರಿಗೆ ಫೈಲ್ ಹಿಡಿದ ಮನುಷ್ಯ. ನನ್ನ ಆಫೀಸಿನವನು ಎಂದುಕೊಂಡು 'ಬನ್ನಿ, ಕೂತ್ಕೊಳ್ಳಿ, ಅವನು ಸ್ನಾನಕ್ಕೆ ಹೋಗಿದಾನೆ' ಎಂದು ಕೈತೋರಿಸಿ ಸೋಫಾದ ಮೇಲೆ ಕೂರಿಸಿದಳು. ಕಾಫಿಗೂ ಇಟ್ಟಳು. ನಾನು ತಲೆ ಒರೆಸಿಕೊಂಡು ಹೊರಗೆ ಬಂದಾಗ ಅವನು ಟಿವಿಯ ಅಳತೆ ಬರೆದುಕೊಳ್ಳುತ್ತಿದ್ದ.

ವಿಷಯ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು. 'ಅಮೀನನಾ?' ನಮ್ಮ ಕಡೆ ಕೋರ್ಟಿನಿಂದ ಜಪ್ತಿಗೆ ಬರುವವನನ್ನು ಅಮೀನ ಎನ್ನುತ್ತಿದ್ದರು. ಅವಳ ಚಿಕ್ಕಂದಿನಲ್ಲಿ ಪಕ್ಕದ ಮನೆಗೆ ಅಮೀನ ಬಂದು ಹಂಡೆ, ಕೊಳಗ ಎಲ್ಲ ಅಂಗಳಕ್ಕೆ ತಂದಿಟ್ಟಿದ್ದನಂತೆ. ಅಮ್ಮ ಸೀದಾ ಅಡುಗೆಮನೆಗೆ ಹೋಗಿ ಗ್ರೈಂಡರ್ ಪಕ್ಕ ನಿಂತಳು. ಪಾಪ, ಅದನ್ನು ಅವನು ನೋಡಿಯೂ ಇರಲಿಲ್ಲ. ಒಲೆ, ಫ್ರಿಜ್, ವಾಷಿಂಗ್ ಮಶೀನ್, ಹಾಸಿಗೆ, ಬಟ್ಟೆ ಇಂಥ ದಿನದ ಬಳಕೆಯ ಸಾಮಾನು ಮುಟ್ಟುವಂತಿಲ್ಲ. ಕೆಲಸಕ್ಕೆ ಬೇಕಾದ ಉಪಕರಣಗಳಿಗೆ ಒಟ್ಟು 1,350 ಪೌಂಡಿನವರೆಗೆ ರಕ್ಷಣೆ ಇದೆ. ನನ್ನ ಲ್ಯಾಪ್‌ಟಾಪ್ ಆಫೀಸಿನದು, ಹಾಗಾಗಿ ಅದೂ ಪಟ್ಟಿಗೆ ಸೇರಲಿಲ್ಲ. ಟಿವಿ, ಸೋಫಾ, ಒಂದು ಗಿಟಾರ್ ಸೇರಿದವು.

ಅವನು ಅವತ್ತೇ ಏನೂ ಒಯ್ಯಲಿಲ್ಲ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಅದರ ಹೆಸರು 'ಕಂಟ್ರೋಲ್ಡ್ ಗೂಡ್ಸ್ ಅಗ್ರಿಮೆಂಟ್'. ಸಾಮಾನು ಮನೆಯಲ್ಲೇ ಇರುತ್ತದೆ, ಆದರೆ ಮಾರುವಂತಿಲ್ಲ, ಸಾಗಿಸುವಂತಿಲ್ಲ, ಕಂತು ಕಟ್ಟುತ್ತಾ ಹೋಗಬೇಕು. ಕಂತು ತಪ್ಪಿಸಿದರೆ ನೋಟಿಸ್ ಕೊಟ್ಟು ಮತ್ತೆ ಬರಬಹುದು, ಆಗ ಬಾಗಿಲು ಒಡೆಯುವ ಹಕ್ಕೂ ಇರುತ್ತದೆ. ಅಂದರೆ ಮೊದಲ ಸಲ ಒಳಗೆ ಬಿಟ್ಟದ್ದೇ ಎರಡನೇ ಸಲಕ್ಕೆ ಬೀಗದ ಕೈ ಕೊಟ್ಟಂತೆ. ಅದಕ್ಕೇ ಹೇಳುವುದು, ಬಂದರೆ ಕಿಟಕಿಯಿಂದ ಅಥವಾ ಫೋನಿನಲ್ಲಿ ಮಾತಾಡಿ. ಗುರುತಿನ ಚೀಟಿ ಕೇಳಿ. ಅವರಿಗೆ ಕೌಂಟಿ ಕೋರ್ಟಿನ ಸರ್ಟಿಫಿಕೇಟ್ ಇರಬೇಕು, ಆನ್‌ಲೈನ್ ಪಟ್ಟಿಯಲ್ಲಿ ಹೆಸರು ಹುಡುಕಬಹುದು. ಮನೆಯಲ್ಲಿ ಅಪ್ಪ ಅಮ್ಮ ಬಂದಿದ್ದರೆ ಅವರಿಗೆ ಮೊದಲೇ ಹೇಳಿಡಿ. ನಮ್ಮ ಹಿರಿಯರಿಗೆ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುವ ಅಭ್ಯಾಸವೇ ಇಲ್ಲ.

ಕಾರಿನ ವಿಷಯದಲ್ಲಿ ಮಾತ್ರ ಹುಷಾರು. ಬಾಗಿಲು ಹಾಕಿಕೊಂಡರೂ ಕಾರು ಹೊರಗೇ ಇರುತ್ತದಲ್ಲ. ಮನೆ ಮುಂದೆಯೋ ರಸ್ತೆಯಲ್ಲೋ ನಿಂತಿದ್ದರೆ ಗಾಲಿಗೆ ಬೀಗ ಹಾಕಬಹುದು. ಹಾಕಿದ ಮೇಲೆ ಎರಡು ಗಂಟೆ ಕಾದು ಆಮೇಲೆ ಒಯ್ಯಬೇಕು. ಕಾರು ಹೈರ್ ಪರ್ಚೇಸ್ ಅಥವಾ ಪಿಸಿಪಿ ಎನ್ನುವ ಕಂತಿನ ಒಪ್ಪಂದದಲ್ಲಿದ್ದರೆ ಅದು ಇನ್ನೂ ನಿಮ್ಮದಲ್ಲ, ಫೈನಾನ್ಸ್ ಕಂಪನಿಯದು. ಆ ಪತ್ರದ ಫೋಟೋ ಇವತ್ತೇ ವಸೂಲಿ ಕಂಪನಿಗೆ ಇಮೇಲ್ ಮಾಡಿ. ಸ್ವಂತದ್ದಾದರೆ ಸ್ನೇಹಿತರ ಗ್ಯಾರೇಜಿನಲ್ಲಿ ಬೀಗ ಹಾಕಿ ನಿಲ್ಲಿಸಿ.

ಫೀಸ್ ಕಟ್ಟಲೇಬೇಕಾ? 75 ನ್ಯಾಯವಾಗಿ ಬಿದ್ದಿದ್ದರೆ ಕಟ್ಟಬೇಕು. ಯೂಟ್ಯೂಬಿನಲ್ಲಿ 'ಫೀಸ್ ಬಿಟ್ಟು ಬಾಕಿ ಮಾತ್ರ ನೇರ ಕೌನ್ಸಿಲ್‌ಗೆ ಕಟ್ಟಿ, ಬೇಲಿಫ್ ಏನೂ ಮಾಡೋಕಾಗಲ್ಲ' ಎನ್ನುವ ಪಂಡಿತರು ಬಹಳ. ಕೇಸ್ ಬೇಲಿಫ್ ಕೈಯಲ್ಲಿರುವಾಗ ಕಟ್ಟಿದ ಹಣ ಮೊದಲು ಆ 75ಕ್ಕೆ ಹೋಗುತ್ತದೆ, ಉಳಿದದ್ದು ಬಾಕಿಗೂ ಬೇರೆ ಫೀಸಿಗೂ ಪಾಲಾಗುತ್ತದೆ. ಹಾಗಾಗಿ ಕೊನೆಯಲ್ಲಿ ಸ್ವಲ್ಪ ಬಾಕಿ ಉಳಿದೇ ಇರುತ್ತದೆ, ಅದಕ್ಕೆ ಅವನು ಮತ್ತೆ ಬರುತ್ತಾನೆ. ಬಾಗಿಲಿಗೆ 'ನಿಮಗೆ ಪ್ರವೇಶದ ಹಕ್ಕಿಲ್ಲ' ಎಂಬ ಪ್ರಿಂಟ್‌ಔಟ್ ಅಂಟಿಸುವುದಂತೂ ಬಾಗಿಲ ಬಣ್ಣ ಹಾಳು ಮಾಡಲು ಮಾತ್ರ ಒಳ್ಳೆಯದು.

ಆದರೆ ತಪ್ಪಾಗಿ ಬಿದ್ದ ಫೀಸನ್ನು ಬಿಡಬೇಡಿ. ನನ್ನ ಕೇಸಿನಲ್ಲಿ ಏಳು ದಿನದ ನೋಟಿಸ್ ಹಳೇ ವಿಳಾಸಕ್ಕೆ ಹೋಗಿತ್ತು. ಹೊಸ ವಿಳಾಸ ಕೊಟ್ಟದ್ದಕ್ಕೆ ಕೌನ್ಸಿಲ್‌ನ ಇಮೇಲ್ ನನ್ನ ಹತ್ತಿರ ಇತ್ತು. ವಸೂಲಿ ಕಂಪನಿಗೆ ದೂರು ಕೊಟ್ಟೆ, ಆಗಲ್ಲ ಎಂದರು. ಕೌನ್ಸಿಲ್‌ಗೆ ಕೊಟ್ಟೆ. ಅವರು ಕಳಿಸಿದ ಬೇಲಿಫ್ ಏನು ಮಾಡಿದರೂ ಹೊಣೆ ಅವರದೇ. ಐದು ವಾರ ಬಿಟ್ಟು ಎರಡೇ ಸಾಲಿನ ಉತ್ತರ ಬಂತು, ಬಾಗಿಲಿಗೆ ಬಂದ ಫೀಸ್ ತೆಗೆದಿದ್ದೇವೆ ಎಂದು. ಕೌನ್ಸಿಲ್ ಕೂಡ ಒಪ್ಪದಿದ್ದರೆ ಮೇಲೆ ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಲೋಕಲ್ ಗವರ್ನಮೆಂಟ್ ಓಂಬುಡ್ಸ್‌ಮನ್ ಇದ್ದಾರೆ. ಅಲ್ಲಿವರೆಗೆ ಹೋಗುವ ಸಂದರ್ಭ ನನಗೆ ಬರಲಿಲ್ಲ. ಇನ್ನೊಂದು, ಕಾಯಿಲೆ, ಬಾಣಂತನ, ಖಿನ್ನತೆ ಇಂಥದ್ದೇನಾದರೂ ಇದ್ದರೆ ಈಗಲೇ ಬರೆದು ತಿಳಿಸಿ. ಅಂಥವರಿಗೆ ಸಲಹೆ ಪಡೆಯಲು ಸಮಯ ಕೊಡದೆ 235 ಹಾಕುವಂತಿಲ್ಲ.

ಜೈಲಿನ ಮಾತು ಯಾರೋ ಹೇಳಿರುತ್ತಾರೆ. ಬೇಲಿಫ್‌ಗೆ ಬಂಧಿಸುವ ಅಧಿಕಾರ ಇಲ್ಲ. ಇಂಗ್ಲೆಂಡಿನಲ್ಲಿ ಕೋರ್ಟ್ ಮೂರು ತಿಂಗಳವರೆಗೆ ಕಳಿಸಬಹುದು ನಿಜ. ಆದರೆ ಅದು ಕಟ್ಟುವ ಶಕ್ತಿ ಇದ್ದೂ ಬೇಕೆಂದೇ ಕಟ್ಟದವರಿಗೆ, ಬೇರೆಲ್ಲ ದಾರಿ ಮುಗಿದ ಮೇಲೆ. ವೇಲ್ಸ್‌ನಲ್ಲಿ 2019ರಲ್ಲೇ ಅದನ್ನು ತೆಗೆದುಹಾಕಿದರು. ಲಯಬಿಲಿಟಿ ಆರ್ಡರ್ ನಿಮ್ಮ ಕ್ರೆಡಿಟ್ ಫೈಲಿನಲ್ಲೂ ಕಾಣಿಸುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಪದ್ಧತಿಯೇ ಬೇರೆ, ಅಲ್ಲಿರುವವರು ಇದನ್ನು ನೋಡಿ ಲೆಕ್ಕ ಹಾಕಬೇಡಿ.

ನಿಮ್ಮ ಕಾಗದದ ಮೇಲಿನ ತಾರೀಖು, ಬಿಲ್ ಶುರುವಾದ ತಾರೀಖು, ಕೋರ್ಸ್ ಮುಗಿದ ತಾರೀಖು, ಈ ಮೂರನ್ನು ತಿಳಿಸಿ. ಎಷ್ಟು ದಿನ ಉಳಿದಿದೆ ಎಂದು ಎಣಿಸಿ ಹೇಳುತ್ತೇನೆ. ಹೆಸರು, ವಿಳಾಸ, ರೆಫರೆನ್ಸ್ ನಂಬರ್ ಹಾಕಬೇಡಿ.